ಕೆಂಪು ಕಾರಿನ ಗೇಟು

ಕ್ರೋಂಪೇಟೆಗೆ ಬಂದ ಹೊಸತರಲ್ಲಿ, ಮನೆಯನ್ನೂ ಕಚೇರಿಯನ್ನೂ ಬಿಟ್ಟರೆ, ನಾವು ಅತಿ ಹೆಚ್ಚು ಹೊತ್ತು ಕಳೆದದ್ದು ರೈಲ್ವೆ ಗೇಟಿನ ಮುಂದೆ. ಈಚೆಗೆ ಜಿ.ಎಸ್.ಟಿ. ರಸ್ತೆ, ಆಚೆಗೆ ರಾಧಾನಗರ, ನಡುವೆ ಬೀಚ್ ನಿಲ್ದಾಣದಿಂದ ತಾಂಬರಕ್ಕೆ ಓಡುವ ಹಳಿಗಳು. ಬಸ್ಸು ಈಚೆಗೆ, ಮನೆ ಆಚೆಗೆ. ಒಂದು ಲೋಕಲ್ ದಾಟಿತೆಂದು ಸ್ಕೂಟರಿನ ಕಿಕ್ ಒದೆಯುವಷ್ಟರಲ್ಲಿ ಎದುರು ದಿಕ್ಕಿನಿಂದ ಇನ್ನೊಂದರ ಸದ್ದು. ಅದೂ ಹೋಯಿತೆಂದರೆ ದಕ್ಷಿಣಕ್ಕೆ ಹೊರಟ ಎಕ್ಸ್‌ಪ್ರೆಸ್ಸು. ಇಪ್ಪತ್ತು ನಿಮಿಷ ನಿಂತ ದಿನಗಳೂ ಉಂಟು. ಸೌತೆಕಾಯಿ ಸೀಳಿ ಉಪ್ಪುಖಾರ ಹಚ್ಚಿಕೊಡುವವಳು, ಮೊಳ ಹಾಕಿ ಮಲ್ಲಿಗೆ ಮಾರುವವಳು, ಗೇಟಿನವನನ್ನು ದಿನವೂ ಬಯ್ಯುತ್ತಿದ್ದ ಹಾಲಿನ ಸೈಕಲ್ಲಿನಾತ, ಇವರೇ ನಮಗೆ ತಮಿಳು ಕಲಿಸಿದ ಮೇಷ್ಟರುಗಳು. ಬಯ್ಗುಳವನ್ನು ಮೊದಲು ಕಲಿತೆವು. ಚೌಕಾಸಿ ಆಮೇಲೆ ಬಂತು.

ಆ ಗೇಟಿನಲ್ಲಿ ನಮಗೆ ನೆನಪಿರುವುದು ಅದು ಇಳಿಯುತ್ತಿದ್ದ ರೀತಿ. ಗೇಟಿನವನು ತನ್ನ ಕೋಣೆಯಿಂದ ಹೊರಬಂದು ಹಿಡಿಕೆಯನ್ನು ತಿರುಗಿಸತೊಡಗಿದೊಡನೆ ಗಂಟೆ ಬಾರಿಸುತ್ತಿತ್ತು. ತೋಳು ಮೊದಲು ತುಸು ನಡುಗಿ, ಇಳಿಯಲೋ ಬೇಡವೋ ಎಂದು ಯೋಚಿಸಿದಂತೆ ತಡೆದು, ಆಮೇಲೆ ಬಹಳ ನಿಧಾನವಾಗಿ ಬಾಗುತ್ತಿತ್ತು. ಆ ನಿಧಾನವನ್ನು ನಂಬಿಕೊಂಡೇ ಅರ್ಧ ಕ್ರೋಂಪೇಟೆ ತಲೆ ತಗ್ಗಿಸಿ ಕೆಳಗಿನಿಂದ ನುಸುಳುತ್ತಿತ್ತು. ನಾವೂ ನುಸುಳಿದ್ದೇವೆ. ಈಗ ಒಪ್ಪಿಕೊಂಡರೆ ಯಾರೂ ದಂಡ ಹಾಕಲಾರರು.

ಈ ಬರಹದಲ್ಲಿ ‘ನಾವು’ ಎಂದರೆ ಗಂಡ ಹೆಂಡತಿ ಇಬ್ಬರೂ. ಬರೆಯುವ ಕೈ ಒಂದೇ ಆದರೂ ಪಕ್ಕದಲ್ಲಿ ಕುಳಿತು ಸಾಲುಸಾಲನ್ನೂ ತಿದ್ದುವ ಇನ್ನೊಂದು ಕೈ ಇದೆ. ಯಾವ ಮಾತು ಯಾರದೆಂದು ಬೇರ್ಪಡಿಸುವ ಗೋಜಿಗೆ ಹೋಗುವುದಿಲ್ಲ. ಹೇಳಲೇಬೇಕಾದಲ್ಲಿ ‘ಸಾಗರದವರು’, ‘ಅರಸಾಳಿನವರು’ ಎನ್ನುತ್ತೇವೆ. ಮೊದಲನೆಯವರು ೧೯೮೩ರಲ್ಲಿ ಬ್ಯಾಂಕಿನ ಕೆಲಸದ ಮೇಲೆ ಮದರಾಸಿಗೆ ಬಂದವರು, ಎರಡನೆಯವರು ಮರುವರ್ಷ ಮದುವೆಯಾಗಿ ಬಂದವರು. ಎರಡೂ ಊರುಗಳು ಶಿವಮೊಗ್ಗ–ತಾಳಗುಪ್ಪ ಹಾದಿಯಲ್ಲಿವೆ. ಆಗ ಅದು ಮೀಟರ್‌ಗೇಜ್. ಕ್ರೋಂಪೇಟೆಯಲ್ಲಿ ಬಾಡಿಗೆ ಮನೆ ಹುಡುಕಿಕೊಂಡು ಇಳಿದ ದಿನ ಇಲ್ಲಿಯ ಹಳಿಯೂ ಅದೇ ಅಳತೆಯದೆಂದು ಕಂಡು ಸಾಗರದವರಿಗೆ ಅಷ್ಟು ಸಮಾಧಾನವಾಗಿತ್ತಂತೆ. ವ್ಯತ್ಯಾಸವೆಂದರೆ, ನಮ್ಮದರ ಮೇಲೆ ಹೊಗೆ, ಇಲ್ಲಿಯದರ ಮೇಲೆ ೧೯೩೧ರಿಂದಲೇ ವಿದ್ಯುತ್ತು. ಆ ಮೀಟರ್‌ಗೇಜ್ ಲೋಕಲ್‌ಗಳು ೨೦೦೪ರಲ್ಲಿ ನಿಂತವು. ಊರಿನ ಹಳಿಯೂ ಆಮೇಲೆ ಅಗಲವಾಯಿತು.

ಊರಿನ ಹೆಸರಿನ ಬಗ್ಗೆಯೂ ಒಂದು ಮಾತು. ಕಳೆದ ಶತಮಾನದ ಆದಿಯಲ್ಲಿ ಇಲ್ಲೊಂದು ಕ್ರೋಮ್ ಚರ್ಮದ ಕಾರ್ಖಾನೆ ಬಂತು. ತೊಗಲನ್ನು ಹದಮಾಡುವ ಒಂದು ಲವಣದ ಹೆಸರು ಒಂದು ಪೇಟೆಗೆ ಅಂಟಿಕೊಂಡಿತು. ತಮಿಳರ ಬಾಯಲ್ಲಿ ಅದು ಕುರೋಂಪೇಟ್ಟೈ, ನಮ್ಮ ಬಾಯಲ್ಲಿ ಕ್ರೋಂಪೇಟೆ. ಕಾರ್ಖಾನೆ ಹೋಯಿತು, ಹೆಸರು ಉಳಿಯಿತು. ಒಂದಕ್ಕಾಗಿ ಹುಟ್ಟಿದ್ದು ಇನ್ನೊಂದಕ್ಕೆ ಬಳಕೆಯಾಗುವುದು ಈ ಊರಿಗೆ ಹೊಸತಲ್ಲವೆಂದು ಹೇಳಲು ಇಷ್ಟು ಸಾಕು.

ನಿವೃತ್ತಿಯ ಮೂರನೆಯ ವರ್ಷ ಮಗ ಜರ್ಮನಿಯಿಂದ ಒಂದು ಪುಟ್ಟ ರೈಲಿನ ಪೆಟ್ಟಿಗೆ ತಂದುಕೊಟ್ಟ. ಎಂಜಿನ್ನು, ಎರಡು ಗಾಡಿ, ಅಂಡಾಕಾರದಲ್ಲಿ ಜೋಡಿಸುವಷ್ಟು ಹಳಿ. ಅಪ್ಪನಿಗೆ ಹೊತ್ತು ಹೋಗಲೆಂದು ತಂದದ್ದು. ನಾವು ಆರಡಿ ಉದ್ದ, ಮೂರಡಿ ಅಗಲದ ಪ್ಲೈವುಡ್ ಹಲಗೆ ತರಿಸಿ ಹಿಂದಿನ ಕೋಣೆಯಲ್ಲಿ ಎರಡು ಮೇಜುಗಳ ಮೇಲೆ ಹಾಸಿದೆವು. ಈ ಬಗೆಯ ರೈಲಿಗೆ ಎಚ್.ಒ. ಎನ್ನುತ್ತಾರೆ; ಎಲ್ಲವೂ ನಿಜದ ೮೭ನೆಯ ಒಂದು ಪಾಲು. ಹಳಿಗಳ ನಡುವಿನ ಅಂತರ ಹದಿನಾರೂವರೆ ಮಿಲಿಮೀಟರು. ಅದು ಯುರೋಪಿನ ಹಳಿಗೆ ಸರಿಹೋಗುವ ಲೆಕ್ಕ. ನಮ್ಮ ದೇಶದ ಬ್ರಾಡ್‌ಗೇಜ್ ೧೬೭೬ ಮಿಲಿಮೀಟರು. ಅದನ್ನು ೮೭ರಿಂದ ಭಾಗಿಸಿದರೆ ಹತ್ತೊಂಬತ್ತು ಚಿಲ್ಲರೆ ಬರಬೇಕು. ಮೀಟರ್‌ಗೇಜ್ ಆದರೆ ಹನ್ನೊಂದೂವರೆ. ಅಂದರೆ ನಮ್ಮ ಹಲಗೆಯ ಮೇಲಿನ ಹಳಿ ಎರಡೂ ಅಲ್ಲ. ಬ್ರಾಡ್‌ಗೇಜ್ ಎಂದರೆ ಇಕ್ಕಟ್ಟು, ಮೀಟರ್‌ಗೇಜ್ ಎಂದರೆ ಅಗಲ. ನಾವು ಮೀಟರ್‌ಗೇಜ್ ಎಂದೇ ತೀರ್ಮಾನಿಸಿದೆವು. ಮನೆಯೊಳಗಿನ ಸುಳ್ಳಿಗೆ ಯಾರ ಅಪ್ಪಣೆ ಬೇಕು?

ಹಲಗೆಯ ಒಂದು ತುದಿಗೆ ಅರಸಾಳು, ಇನ್ನೊಂದು ತುದಿಗೆ ಕ್ರೋಂಪೇಟೆಯ ಗೇಟು. ನಡುವೆ ಇರುವ ಆರೇಳು ನೂರು ಕಿಲೋಮೀಟರುಗಳನ್ನು ಒಂದು ಕಾಗದದ ಗುಡ್ಡ ಮುಚ್ಚಿತು. ಅರಸಾಳಿಗೆ ಈ ವೇಷವೇನೂ ಹೊಸದಲ್ಲ. ಶಂಕರ್‌ನಾಗ್ ‘ಮಾಲ್ಗುಡಿ ಡೇಸ್’ ಮಾಡುವಾಗ ಅರಸಾಳಿನ ನಿಲ್ದಾಣವನ್ನೇ ಮಾಲ್ಗುಡಿಯ ನಿಲ್ದಾಣವನ್ನಾಗಿ ಮಾಡಿಕೊಂಡಿದ್ದರು. ೨೦೨೦ರಲ್ಲಿ ಆ ಹಳೆಯ ಕಟ್ಟಡ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವೂ ಆಯಿತು. ಮಾಲ್ಗುಡಿಯನ್ನು ಕಲ್ಪಿಸಿದ ಆರ್.ಕೆ. ನಾರಾಯಣ್ ಹುಟ್ಟಿದ್ದು ಇದೇ ಮದರಾಸಿನಲ್ಲಿ. ಮದರಾಸಿನವರು ಕಟ್ಟಿದ ಊರನ್ನು ಅರಸಾಳು ಹೊತ್ತುಕೊಂಡಿತು. ನಾವು ಅರಸಾಳನ್ನು ಮದರಾಸಿಗೆ ಹೊತ್ತು ತಂದೆವು. ಲೆಕ್ಕ ಸಮವಾಯಿತೆಂದು ಅರಸಾಳಿನವರ ವಾದ.

ರೈಲು ಸುತ್ತುತ್ತಿತ್ತು, ಆದರೆ ಉಳಿದದ್ದೆಲ್ಲ ಸತ್ತಂತೆ ನಿಂತಿತ್ತು. ಗೇಟು ಇಳಿಯಬೇಕು, ಕೈಮರ ಬಾಗಬೇಕು, ಗೇಟಿನವನು ಬಾವುಟ ತೋರಿಸಬೇಕು. ಇಂಥವುಗಳನ್ನು ವಿದೇಶದಲ್ಲಿ ಸಿದ್ಧವಾಗಿಯೇ ಮಾರುತ್ತಾರೆ. ಮಗ ಕಳುಹಿಸಿದ ಬೆಲೆಪಟ್ಟಿ ನೋಡಿ ಅದನ್ನು ಹಾಗೆಯೇ ಮಡಿಸಿಟ್ಟೆವು. ಅಷ್ಟು ಹಣಕ್ಕೆ ನಿಜವಾದ ಗೇಟಿನವನಿಗೇ ಒಂದು ತಿಂಗಳ ಸಂಬಳ ಕೊಡಬಹುದೇನೋ ಎಂದು ನಗೆಯಾಡಿದ್ದೂ ಆಯಿತು. ಆಗ ಅಟ್ಟದ ಮೇಲಿನ ಚೀಲದ ನೆನಪಾಯಿತು.

ಮಗನ ಸಂಸಾರ ಜರ್ಮನಿಗೆ ಹೋಗುವ ಮೊದಲು ನಮ್ಮೊಂದಿಗೇ ಇತ್ತು. ಮೊಮ್ಮಗನಿಗೆ ಆಗ ನಾಲ್ಕು, ಐದು ವರ್ಷ. ಹುಟ್ಟುಹಬ್ಬಕ್ಕೆ ಬಂದವರೆಲ್ಲ ರಿಮೋಟಿನ ಕಾರನ್ನೇ ತರುತ್ತಿದ್ದ ಕಾಲ. ಅವುಗಳ ಆಯುಷ್ಯ ಹೆಚ್ಚೆಂದರೆ ಒಂದು ಮಳೆಗಾಲ. ಚೀಲದಲ್ಲಿ ಮೂರು ಇದ್ದವು: ಒಂದು ಹಳದಿ ಜೀಪು, ಒಂದು ಪೊಲೀಸು ಕಾರು, ಒಂದು ಕೆಂಪು ರೇಸು ಕಾರು. ರಿಮೋಟು ಮಾತ್ರ ಒಂದೇ, ಕೆಂಪು ಕಾರಿನದು.

ಬಿಚ್ಚಿ ನೋಡುವವರೆಗೆ ಅಂಥ ಕಾರಿನೊಳಗೆ ಏನಿದೆಯೆಂದು ನಾವು ಯೋಚಿಸಿರಲಿಲ್ಲ. ಹಿಂದಿನ ಚಕ್ರಗಳ ನಡುವೆ ಹೆಬ್ಬೆರಳ ಗಾತ್ರದ ಒಂದು ಮೋಟಾರು, ಅದಕ್ಕಂಟಿದ ಗೇರುಪೆಟ್ಟಿಗೆ. ಮುಂದೆ ಚಕ್ರಗಳನ್ನು ಎಡಕ್ಕೂ ಬಲಕ್ಕೂ ಎಳೆಯುವ ಒಂದು ತಂತಿಸುರುಳಿ, ಒಂದು ಕಾಂತದ ತುಂಡು. ಗುಂಡಿ ಬಿಟ್ಟೊಡನೆ ಚಕ್ರವನ್ನು ನಡುವಿಗೆ ತರುವ ಒಂದು ಸ್ಪ್ರಿಂಗು. ನಡುವೆ ಬೆಂಕಿಪೊಟ್ಟಣದಷ್ಟು ಸರ್ಕ್ಯೂಟ್ ಬೋರ್ಡು, ಅದರ ಮೇಲೆ ರಿಮೋಟಿನ ಮಾತು ಕೇಳುವ ಚಿಪ್ಪು. ಆ ಚಿಪ್ಪಿಗೆ ತಿಳಿಯುವ ಮಾತುಗಳು ಐದೇ: ಮುಂದೆ, ಹಿಂದೆ, ಎಡ, ಬಲ, ಇನ್ನೂ ಜೋರು. ರೈಲು ನಿಲ್ದಾಣವೊಂದನ್ನು ನಡೆಸಲು ಮೊದಲ ನಾಲ್ಕು ಸಾಕು. ಮುಂದೆ ಎಂದರೆ ಗೇಟು ಮೇಲೆ, ಹಿಂದೆ ಎಂದರೆ ಗೇಟು ಕೆಳಗೆ. ಎಡಕ್ಕೆ ಕೈಮರ. ಬಲಕ್ಕೆ ಗೇಟಿನವನ ಬಾವುಟ. ಐದನೆಯದು, ಆ ‘ಇನ್ನೂ ಜೋರು’, ನಮಗೆ ಬೇಡವಾಗಿತ್ತು. ನಮ್ಮ ತೊಂದರೆಯೆಲ್ಲ ಅದರ ತಿರುವುಮುರುವು.

ಮೊದಲು ಜೀಪಿನ ಗೇರುಪೆಟ್ಟಿಗೆಗೆ ತೆಂಗಿನ ಕಡ್ಡಿಯ ತೋಳನ್ನು ಸಿಕ್ಕಿಸಿ ಎರಡು ತಂತಿಗಳನ್ನು ಸೆಲ್ಲಿಗೆ ತಾಗಿಸಿದೆವು. ಏಳು ಮೀಟರಿನ ನಿಜವಾದ ತೋಳಿಗೆ ನಮ್ಮ ಅಳತೆಯಲ್ಲಿ ಎಂಟು ಸೆಂಟಿಮೀಟರು. ಆ ಎಂಟು ಸೆಂಟಿಮೀಟರಿನ ಕಡ್ಡಿ ‘ಟಪ್’ ಎಂದು ಹಾರಿ ಗೋಡೆಗೆ ಬಡಿಯಿತು. ಅರಸಾಳಿನವರು ಕನ್ನಡಕ ಹಾಕಿಕೊಂಡು ಬಂದು ಕೂತರು. ಅವರು ಶಾಲೆಯಲ್ಲಿ ಗಣಿತ ಹೇಳಿಕೊಟ್ಟವರು. ಹಲ್ಲು ಎಣಿಸುವ ಕೆಲಸ ಅವರದಾಯಿತು. ಮೋಟಾರಿನ ಮೂತಿಯ ಗೇರಿಗೆ ಎಂಟು ಹಲ್ಲು, ಅದು ಕಚ್ಚುವ ಚಕ್ರಕ್ಕೆ ಮೂವತ್ತೆರಡು: ನಾಲ್ಕು ಪಟ್ಟು ನಿಧಾನ. ಮುಂದಿನ ಜೋಡಿಯಲ್ಲಿ ಹತ್ತು ಮತ್ತು ಮೂವತ್ತು: ಮೂರು ಪಟ್ಟು. ಒಟ್ಟು ಹನ್ನೆರಡು ಪಟ್ಟು. ಇಂಥ ಮೋಟಾರು ಎರಡು ಸೆಲ್ಲಿನಲ್ಲಿ ನಿಮಿಷಕ್ಕೆ ಹತ್ತು ಸಾವಿರ ಸುತ್ತಿನ ಆಸುಪಾಸು ತಿರುಗುತ್ತದೆ. ಹನ್ನೆರಡರಿಂದ ಭಾಗಿಸಿದರೂ ಎಂಟುನೂರು ಚಿಲ್ಲರೆ. ಗೇಟಿಗೆ ಬೇಕಾದದ್ದು ಕಾಲು ಸುತ್ತು, ಅದೂ ಏಳೆಂಟು ಸೆಕೆಂಡುಗಳಲ್ಲಿ.

ಸೆಲ್ಲು ಕಡಿಮೆ ಮಾಡಿದರೆ ಮೋಟಾರು ನಿಧಾನವಾಗುವುದೇನೋ ನಿಜ. ಆದರೆ ಅದರೊಡನೆ ಬಲವೂ ಕುಂದುತ್ತದೆ. ತೋಳನ್ನು ಎತ್ತಲಾರದೆ ಗುಂಯ್‌ಗುಟ್ಟುತ್ತ ನಿಲ್ಲುತ್ತದೆ. ಗೇರಿನ ದಾರಿ ಹಾಗಲ್ಲ. ಅದು ವೇಗವನ್ನು ಕಿತ್ತುಕೊಂಡಷ್ಟೂ ಬಲವನ್ನು ಕೊಡುತ್ತದೆ. ಆದ್ದರಿಂದ ಒಂದು ಪೆಟ್ಟಿಗೆಯ ಹಿಂದೆ ಇನ್ನೊಂದು ಪೆಟ್ಟಿಗೆ. ಹನ್ನೆರಡು ಹನ್ನೆರಡಲಿ ನೂರ ನಲವತ್ತನಾಲ್ಕು. ಜೀಪು, ಪೊಲೀಸು ಕಾರು ಎರಡನ್ನೂ ಒಂದರ ಹಿಂದೊಂದು ಕೂಡಿಸಿದೆವು. ಒಂದೇ ಸೆಲ್ಲು ಕೊಟ್ಟರೂ ತೋಳು ಅರ್ಧ ಸೆಕೆಂಡಿನಲ್ಲಿ ಇಳಿಯಿತು. ಗೋಡೆಗೆ ಬಡಿಯಲಿಲ್ಲ, ನಿಜ. ಆದರೆ ಕ್ರೋಂಪೇಟೆಯ ಗೇಟಂತೂ ಅಲ್ಲ. ಇಲಿಯ ಬೋನು.

ಇಲ್ಲಿ ನಮಗೊಂದು ಸಂಗತಿ ಗೊತ್ತಾಯಿತು. ಉದ್ದ, ಅಗಲ, ಎತ್ತರಗಳನ್ನು ೮೭ರಿಂದ ಭಾಗಿಸಬಹುದು. ಹೊತ್ತನ್ನು ಭಾಗಿಸಲು ಬರುವುದಿಲ್ಲ. ಗಂಟೆಗೆ ಅರವತ್ತು ಕಿಲೋಮೀಟರಿನ ರೈಲು ನಮ್ಮ ಹಲಗೆಯ ಮೇಲೆ ಸೆಕೆಂಡಿಗೆ ಹತ್ತೊಂಬತ್ತು ಸೆಂಟಿಮೀಟರು ಹೋದರೆ ಸರಿಯಾಗಿ ಕಾಣುತ್ತದೆ. ಆರಡಿಯ ಹಲಗೆ ದಾಟಲು ಅದಕ್ಕೆ ಸುಮಾರು ಹತ್ತು ಸೆಕೆಂಡು. ಗೇಟು ಇಳಿಯಲು ನಿಜದಲ್ಲಿ ಎಷ್ಟು ಹೊತ್ತು ಹಿಡಿಯುತ್ತಿತ್ತೋ ಇಲ್ಲಿಯೂ ಬಹುಮಟ್ಟಿಗೆ ಅಷ್ಟೇ ಹಿಡಿಯಬೇಕು. ಚಿಕ್ಕದಾಯಿತೆಂದು ಬೇಗ ಮಾಡಿದರೆ ಕಣ್ಣು ಒಪ್ಪುವುದಿಲ್ಲ, ಆಟಿಕೆಯೆಂದು ತಕ್ಷಣ ಹೇಳಿಬಿಡುತ್ತದೆ. ಜೋರಾಗಿ ಓಡುವುದಕ್ಕೆಂದೇ ಹುಟ್ಟಿದ ವಸ್ತುವಿಗೆ ಮೆಲ್ಲಗೆ ಇರುವುದನ್ನು ಕಲಿಸುವುದೇ ನಮ್ಮ ಕೆಲಸವಾಗಿತ್ತು. ಬೆಸುಗೆ, ಅಂಟು, ಬಣ್ಣ ಇವೆಲ್ಲ ಅದರ ಮುಂದೆ ಏನೂ ಅಲ್ಲ.

ಇನ್ನೊಂದು ಹನ್ನೆರಡು ಪಟ್ಟು ಬೇಕಿತ್ತು. ಚೀಲದಲ್ಲಿ ಕೆಂಪು ಕಾರು ಇತ್ತು.

ಅದು ಸತ್ತಿದೆ ಎಂದು ನಾವು ನಂಬಿದ್ದೆವು ಎಂಬುದನ್ನು ಮೊದಲೇ ಹೇಳಿಬಿಡಬೇಕು. ಸೆಲ್ಲುಗಳನ್ನು ತೆಗೆಯದೆ ಅಟ್ಟಕ್ಕೆ ಹಾಕಿದ್ದರಿಂದ ಅವು ಒಳಗೇ ಸೋರಿ ತಗಡುಗಳಿಗೆ ಹಸಿರು ಕಿಲುಬು ಹಿಡಿದಿತ್ತು. ಹೊಸ ಸೆಲ್ಲು ಹಾಕಿ ಗುಂಡಿ ಒತ್ತಿದೆವು; ಮಿಸುಕಲಿಲ್ಲ. ಎರಡು ಸಲ ನೋಡಿದೆವು. ಮೂರನೆಯ ಸಲ ನೋಡಬಹುದಿತ್ತು. ಅದರ ಗೇರುಪೆಟ್ಟಿಗೆ ಉಳಿದೆರಡರಂತೆ ತಿರುಪು ಕಳಚಿ ತೆಗೆಯುವಂಥದಾಗಿರಲಿಲ್ಲ, ಕಾರಿನ ತಳದೊಂದಿಗೆ ಒಂದೇ ಅಚ್ಚಿನಲ್ಲಿ ಎರಕವಾಗಿತ್ತು. ಸಾಗರದವರು ಗರಗಸದ ಅಲಗು ತೆಗೆದುಕೊಂಡು ಕಾರನ್ನು ನಡುವಿಗೆ ಕೊಯ್ದರು. ಹಿಂಭಾಗ ಗೇಟಿನ ಪಾಲಾಯಿತು. ಮುಂಭಾಗವನ್ನು, ಬೋರ್ಡಿನ ಸಮೇತ, ಅರಸಾಳಿನವರು ಅಡುಗೆಮನೆಗೆ ಒಯ್ದು ತಗಡುಗಳ ಕಿಲುಬನ್ನು ಅರ್ಧ ಹೋಳು ನಿಂಬೆಹಣ್ಣಿನಿಂದ ತಿಕ್ಕಿದರು. ಒರೆಸಿ, ಒಣಗಿಸಿ, ಸೆಲ್ಲು ಹಾಕಿದರು. ರಿಮೋಟು ಪಕ್ಕದಲ್ಲೇ ಇತ್ತು, ಒತ್ತಿ ನೋಡಿದರು.

ಅರ್ಧ ಕಾರು ಕಟ್ಟೆಯ ಮೇಲೆ ಕೂತು ತನ್ನ ಎರಡು ಪುಟ್ಟ ಚಕ್ರಗಳನ್ನು ಎಡಕ್ಕೆ ತಿರುಗಿಸಿತು. ಬಿಟ್ಟರೆ ನಡುವಿಗೆ ಬಂತು. ಒತ್ತಿದರೆ ಬಲಕ್ಕೆ ತಿರುಗಿತು. ಆ ಮಧ್ಯಾಹ್ನ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಹುಡುಗ ಹೊರಡುವ ದಿನ ವಿಮಾನದ ತೂಕದ ಲೆಕ್ಕದಲ್ಲಿ ಆ ಕಾರನ್ನು ಬಿಟ್ಟುಹೋಗಬೇಕಾಗಿ ಬಂದಾಗ, ಅಳದೆ, “ಇಟ್ಟಿರಿ, ಬಂದಾಗ ಆಡ್ತೇನೆ” ಎಂದಿದ್ದ. ಇಟ್ಟಿರುತ್ತೇವೆಂದು ಮಾತು ಕೊಟ್ಟವರು ನಾವು.

ಕೊಯ್ದದ್ದು ಕೊಯ್ದಾಗಿತ್ತು. ಮೂರು ಪೆಟ್ಟಿಗೆಗಳನ್ನು ಸಾಲಾಗಿ ಕೂಡಿಸಿದೆವು; ಒಟ್ಟು ೧೭೨೮ ಪಟ್ಟು. ಒಂದೇ ಸೆಲ್ಲಿನ ಮೇಲೆ ತೋಳು ಆರೂವರೆ ಸೆಕೆಂಡಿನಲ್ಲಿ ಇಳಿಯಿತು. ಮೊದಲು ತುಸು ನಡುಗಿ, ತಡೆದು, ಬಾಗಿತು. ಹಳೆಯ ಹಲ್ಲುಗಳ ಸಡಿಲದಿಂದ ಬಂದ ಆ ನಡುಕವನ್ನು ನಾವು ಬೇಕೆಂದು ಮಾಡಿದ್ದಲ್ಲ. ಅದನ್ನು ನೋಡಿದಾಗ ಸೌತೆಕಾಯಿಯವಳ ಕೂಗು ಕೇಳಿದಂತಾಯಿತು ಎಂದು ಬರೆದರೆ ಅರಸಾಳಿನವರು ಹೊಡೆದುಹಾಕುತ್ತಾರೆ. ಆದರೂ ಬರೆದಿದ್ದೇವೆ.

ಉಳಿದ ಕೆಲಸ ರಿಚಿ ಸ್ಟ್ರೀಟಿನದು. ಲೋಕಲ್ ಹಿಡಿದು ಪಾರ್ಕ್ ನಿಲ್ದಾಣದಲ್ಲಿಳಿದು ಆ ಗಲ್ಲಿಗಳಿಗೆ ಹೋದರೆ ರೇಡಿಯೋದ ಕಾಲದಿಂದ ಇಂದಿನವರೆಗಿನ ಯಾವ ಬಿಡಿಭಾಗ ಬೇಕಾದರೂ ಸಿಗುತ್ತದೆ. ಅಲ್ಲಿಗೆ ಹೋಗಿ ಬರಿಗೈಯಲ್ಲಿ ಬಂದವರನ್ನು ನಾವು ಕಾಣೆವು. ನಾವು ಕೊಂಡದ್ದು ಉಗುರಿನಷ್ಟು ಸ್ವಿಚ್ಚುಗಳು ಮೂರು, ಡಯೋಡುಗಳು ಒಂದು ಹಿಡಿ. ಸ್ವಿಚ್ಚು ಏಕೆಂದರೆ, ಗುಂಡಿ ಒತ್ತಿ ಹಿಡಿದ ಬೆರಳಿಗೆ ತೋಳು ಪೂರ್ತಿ ಇಳಿದದ್ದು ಗೊತ್ತಾಗುವುದಿಲ್ಲ. ಮೋಟಾರು ಇನ್ನೂ ತಿರುಗಿಸಿ ಕಡ್ಡಿಯನ್ನೇ ಮುರಿಯುತ್ತದೆ. ತೋಳು ತುದಿ ಮುಟ್ಟಿದಾಗ ಸ್ವಿಚ್ಚನ್ನು ಅದುಮಿ ವಿದ್ಯುತ್ತನ್ನು ಕಡಿಯಬೇಕು. ಆದರೆ ಕಡಿದುಹೋದ ಮೇಲೆ ಮತ್ತೆ ಮೇಲೇಳುವುದು ಹೇಗೆ? ಅದಕ್ಕೆ ಡಯೋಡು. ಸ್ವಿಚ್ಚಿನ ಎರಡು ಕಾಲುಗಳ ನಡುವೆ ಅದನ್ನು ಬೆಸೆದರೆ, ಅದು ಇಳಿಯುವ ದಿಕ್ಕಿನ ವಿದ್ಯುತ್ತನ್ನು ತಡೆದು, ಏರುವ ದಿಕ್ಕಿನದನ್ನು ಮಾತ್ರ ಬಿಡುತ್ತದೆ. ಎರಡು ರೂಪಾಯಿಯ ವಸ್ತು, ಗೇಟಿನವನಷ್ಟೇ ನಿಷ್ಠೆ.

ಕೈಮರಕ್ಕೆ ಕೆಂಪು ಕಾರಿನ ಮುಂಭಾಗವೇ ಒದಗಿತು. ಇಲ್ಲಿ ಮಾತ್ರ ನಿಧಾನ ಬೇಕಿರಲಿಲ್ಲ. ನಿಜವಾದ ಕೈಮರ ಅರಸಾಳಿನಲ್ಲಿ ‘ಖಟ್’ ಎಂದು ಬಿದ್ದು ಒಮ್ಮೆ ಪುಟಿಯುತ್ತಿತ್ತು. ತಂತಿಸುರುಳಿಯೂ ಹಾಗೆಯೇ ಎಳೆದು ಪುಟಿಸುತ್ತದೆ. ಇನ್ನೂ ಒಂದು ಹೋಲಿಕೆ ಉಂಟು. ನಿಜದ ಕೈಮರಕ್ಕೆ ಒಂದು ತೂಕದ ಗುಂಡು ಕಟ್ಟಿರುತ್ತಾರೆ, ಎಳೆಯುವ ತಂತಿ ಕಡಿದರೆ ಕೈ ತಾನಾಗಿ ‘ನಿಲ್ಲು’ ಎಂಬ ನೆಲೆಗೆ ಮರಳಲೆಂದು. ಆಟಿಕೆ ಕಾರಿನ ಸ್ಪ್ರಿಂಗೂ ಅದೇ ಮಾಡುತ್ತದೆ: ಬೆರಳು ತೆಗೆದರೆ, ಸೆಲ್ಲು ಮುಗಿದರೆ, ಕೈ ಅಡ್ಡಕ್ಕೆ ಬಂದು ರೈಲನ್ನು ತಡೆಯುತ್ತದೆ. ಗೇಟಿನವನನ್ನು ಎಂ-ಸೀಲ್‌ನಿಂದ ಅರಸಾಳಿನವರು ತಿದ್ದಿದರು. ಎರಡು ಸೆಂಟಿಮೀಟರು ಎತ್ತರ, ಖಾಕಿ ಅಂಗಿ, ಹಸಿರು ಬಾವುಟ. ಪೊಲೀಸು ಕಾರಿನ ತಂತಿಸುರುಳಿ ಅವನನ್ನು ರೈಲಿನ ಕಡೆಗೆ ತಿರುಗಿಸುತ್ತದೆ.

ಎಲ್ಲ ಮುಗಿದು ಒಂದು ಸಂಜೆ ರೈಲು ಓಡಿಸುತ್ತಿದ್ದಾಗ, ಯಾರೂ ಮುಟ್ಟದೆ, ಗೇಟು ಎದ್ದಿತು. ಎಂಜಿನ್ನು ಇನ್ನೂ ಗೇಟಿನ ಮೇಲೇ ಇತ್ತು. ಇಳಿಸಿದೆವು, ಮತ್ತೆ ಎದ್ದಿತು. ಕೈಮರ ಮೂರು ಸಲ ಕೈಯಾಡಿಸಿತು. ಗೇಟಿನವನು ಗಿರ್ರೆಂದು ತಿರುಗಿ ಗೋಡೆಗೆ ಬಾವುಟ ತೋರಿಸಿದ. ಮೋಟಾರಿನ ಕಿಡಿಯಿಂದ ಚಿಪ್ಪು ಗೊಂದಲಗೊಳ್ಳುವುದುಂಟೆಂದು ತಿಳಿದಿತ್ತು. ಅದಕ್ಕೆ ಮೋಟಾರಿನ ಕಾಲುಗಳಿಗೆ ಒಂದು ಕೆಪ್ಯಾಸಿಟರು ಬೆಸೆದೆವು. ಆದರೂ ಎದ್ದಿತು. ಎರಡು ದಿನ ತಲೆ ಕೆರೆದುಕೊಂಡ ಮೇಲೆ ಬಾಗಿಲಾಚೆ ಮೊಗಸಾಲೆಯಲ್ಲಿ ಗಾಲಿಗಳ ಸದ್ದು ಕೇಳಿತು. ಎದುರುಮನೆಯ ಹುಡುಗನಿಗೆ ನೀಲಿ ಲಾರಿ ಬಂದಿತ್ತು. ಈ ಅಗ್ಗದ ಆಟಿಕೆಗಳೆಲ್ಲ ೨೭ ಮೆಗಾಹರ್ಟ್ಸಿನಲ್ಲೋ ೪೯ರಲ್ಲೋ ಮಾತಾಡುತ್ತವೆ, ಒಂದೇ ಜಾತಿಯ ಚಿಪ್ಪು, ಅದೇ ಐದು ಮಾತು. ಯಾರು ಯಾರಿಗೆ ಹೇಳಿದ್ದೆಂಬ ವಿಳಾಸವಿಲ್ಲ. ಅವನ ಲಾರಿ ಮುಂದೆ ಹೋದಾಗಲೆಲ್ಲ ನಮ್ಮ ಗೇಟು ಏಳುತ್ತಿತ್ತು. ಕರೆದು ತೋರಿಸಿದೆವು. “ತಾತಾ, ನಾನ್‌ದಾನ್ ತೊರಕ್ಕರೇನಾ?” ಎಂದು ಕಣ್ಣರಳಿಸಿ ಕೇಳಿದ. ಹೌದಪ್ಪ, ನೀನೇ ತೆರೆಯುವುದು. ಅಂದಿನಿಂದ ರೈಲು ಓಡಿಸುವ ಹೊತ್ತಿಗೆ ಅವನ ಲಾರಿಗೆ ರಜೆ ಎಂದು ಒಪ್ಪಂದವಾಯಿತು.

ಆ ವರ್ಷದ ಬೇಸಿಗೆಗೆ ಮೊಮ್ಮಗ ಬರುವವನಿದ್ದ. ಹೊರಡುವ ವಾರ ಫೋನಿನಲ್ಲಿ, “ಅಜ್ಜ, ನನ್ನ ಕೆಂಪು ಕಾರು ಇದೆಯಲ್ಲ?” ಎಂದು ಕೇಳಿದ. ನಾಲ್ಕು ವರ್ಷವಾಗಿತ್ತು. ಮರೆತಿರುತ್ತಾನೆಂದು ನಾವು ಅಂದುಕೊಂಡಿದ್ದೆವು. ಸಾಗರದವರು “ಇದೆ” ಎಂದುಬಿಟ್ಟರು. ಸುಳ್ಳಲ್ಲ, ಇತ್ತು, ಹಲಗೆಯ ಕೆಳಗೆ, ಎರಡು ಹೋಳಾಗಿ.

ಮರುದಿನವೇ ಕಾರು ಹುಡುಕಲು ಹೊರಟೆವು. ಜಿ.ಎಸ್.ಟಿ. ರಸ್ತೆಯ ಅಂಗಡಿಗಳು, ಆಮೇಲೆ ಬೀಚ್ ನಿಲ್ದಾಣದೆದುರಿನ ಬರ್ಮಾ ಬಜಾರು. ಮೂರ್ ಮಾರ್ಕೆಟ್ ಇದ್ದಿದ್ದರೆ ಹಳೆಯದೇ ಸಿಗುತ್ತಿತ್ತೇನೋ. ಅದು ೧೯೮೫ರಲ್ಲೇ ಸುಟ್ಟುಹೋಯಿತು. ಕೊನೆಗೆ ಕೆಂಪು ಬಣ್ಣದ, ಹೆಚ್ಚುಕಡಿಮೆ ಅದೇ ಆಕಾರದ ಒಂದು ಸಿಕ್ಕಿತು. ಎಂಟುನೂರು ರೂಪಾಯಿ. ತಂದು ಧೂಳು ಸವರಿದರೆ ಹಳೆಯದಾಗುತ್ತದೆಂದು ಸಾಗರದವರ ಯೋಜನೆ. ಅರಸಾಳಿನವರು ಅದನ್ನು ತಿರುಗಿಸಿ ನೋಡಿ, “ಅವನ ಕಾರಿನ ಹಿಂದಿನ ಗಾಲಿಯ ಮೇಲೆ ಅವನದೇ ಹಲ್ಲಿನ ಗುರುತಿತ್ತು. ನೀವೇ ಕಚ್ಚುತ್ತೀರೋ?” ಎಂದರು. ಹೊಸ ಕಾರು ಬೀರು ಸೇರಿತು.

ಹುಡುಗ ಬಂದ. ಒಂಬತ್ತು ವರ್ಷದವನು, ಕನ್ನಡ ಹಾಗೆಯೇ ಇದೆ, ಒಂದೊಂದು ಮಾತಿನ ನಡುವೆ ಮಾತ್ರ ಸ್ವಲ್ಪ ತಡವರಿಕೆ. ಊಟವಾಗುವವರೆಗೆ ಕಾದು, ಹಿಂದಿನ ಕೋಣೆಗೆ ಕರೆದೊಯ್ದು, ನಡೆದದ್ದನ್ನು ನಡೆದ ಹಾಗೆ ಹೇಳಿದೆವು. ಗರಗಸವನ್ನೂ ಬಿಡಲಿಲ್ಲ, ನಿಂಬೆಹಣ್ಣನ್ನೂ ಬಿಡಲಿಲ್ಲ. ಅವನು ಏನೂ ಹೇಳದೆ ಹಲಗೆಯ ಕೆಳಗೆ ನುಗ್ಗಿ ಅಂಗಾತ ಮಲಗಿದ. ಬಹಳ ಹೊತ್ತು ಮಲಗಿದ್ದ. ನಮಗೆ ಕಾಣುತ್ತಿದ್ದದ್ದು ಕಾಲುಗಳು ಮಾತ್ರ.

“ಇದನ್ನ ತಿರುಗಿ ಕಾರು ಮಾಡಬಹುದಾ?”

ಅಂಟಿಸಬಹುದು, ಓಡುವುದು ಅನುಮಾನ ಎಂದೆವು.

“ನೀವು ಕೇಳಬೇಕಿತ್ತು,” ಎಂದ.

ಅದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ಬೀರುವಿನಲ್ಲಿದ್ದದ್ದನ್ನು ತಂದುಕೊಟ್ಟೆವು. ನೋಡಿದ, ಚೆನ್ನಾಗಿದೆ ಎಂದ, ಎದುರುಮನೆಯ ಹುಡುಗನಿಗೆ ಆಡಲು ಕೊಟ್ಟುಬಿಟ್ಟ.

ಎರಡು ದಿನ ಹಿಂದಿನ ಕೋಣೆಗೆ ಬರಲಿಲ್ಲ. ಮೂರನೆಯ ದಿನ ತಾನಾಗಿ ಬಂದು ರಿಮೋಟು ತೆಗೆದುಕೊಂಡ. ಗೇಟು ಇಳಿಸಿದ, ಏರಿಸಿದ, ಮತ್ತೆ ಇಳಿಸಿದ. ನಾವು ಉಸಿರು ಹಿಡಿದು ನಿಂತಿದ್ದೆವು. ಆಮೇಲೆ ಗೇಟು ಮೇಲಿರುವಾಗಲೇ ಎಡದ ಗುಂಡಿ ಒತ್ತಿದ. ಕೈಮರ ಬಾಗಿತು. “ಇದು ತಪ್ಪು,” ಎಂದ. “ಗೇಟು ತೆಗೆದೇ ಇದೆ, ಸಿಗ್ನಲ್ ಬಾ ಅಂತಿದೆ. ಆಕ್ಸಿಡೆಂಟ್ ಆಗ್ತದೆ.” ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಸಿಗ್ನಲಿಗೂ ಗೇಟಿಗೂ ನಂಟು ಹಾಕಿದ ಕಡೆಗಳಲ್ಲಿ ಗೇಟು ಮುಚ್ಚಿ ಬೀ‍ಗ ಬೀಳುವವರೆಗೆ ಸಿಗ್ನಲ್ ಏಳುವುದೇ ಇಲ್ಲ. ಹಳಿಯ ಪಕ್ಕದಲ್ಲಿ ಹುಟ್ಟಿ ಬೆಳೆದ ನಮಗೆ ಇದು ತೋರಿರಲಿಲ್ಲ. ಆ ಸಂಜೆ ಮೂವರೂ ಕೂತೆವು. ಉಳಿದಿದ್ದ ಒಂದು ಸ್ವಿಚ್ಚನ್ನು, ತೋಳು ಪೂರ್ತಿ ಇಳಿದಾಗ ಅದುಮುವಂತೆ ನಿಲ್ಲಿಸಿ, ಕೈಮರದ ತಂತಿಯನ್ನು ಅದರ ಮೂಲಕ ಹಾಯಿಸಿದೆವು. ಬೆಸುಗೆ ಹಾಕುವಾಗ ತಂತಿ ಹಿಡಿದವನು ಅವನು. ಒಮ್ಮೆ ಬೆರಳು ಸುಟ್ಟುಕೊಂಡ. ಯಾರಿಗೂ ಹೇಳಬೇಡಿ, ಅಮ್ಮ ಬಯ್ಯುತ್ತಾಳೆ ಎಂದ. ಗೇಟು ಮುಚ್ಚದೆ ಕೈಮರ ಬಾಗದಾಯಿತು. ಆ ಬೇಸಿಗೆಯುದ್ದಕ್ಕೂ ಅರಸಾಳಿನಿಂದ ಕ್ರೋಂಪೇಟೆಗೆ ಒಂದು ಅಪಘಾತವೂ ಆಗಲಿಲ್ಲ.

ಹೊರಡುವ ರಾತ್ರಿ ಚೀಲಗಳನ್ನು ತೂಗುವಾಗ ಅವನ ಬೆನ್ನುಚೀಲದ ಹೊರಜೇಬಿನಲ್ಲಿ ರಿಮೋಟಿನ ಉದ್ದನೆಯ ಏರಿಯಲ್ ಕಂಡಿತು. ಸೊಸೆ ತೆಗೆಯಲು ಹೋದಳು. “ಅದು ನನ್ನದು,” ಎಂದ. ಅವನದೇ. ನಾವು ಏನೂ ಹೇಳಲಿಲ್ಲ.

ಎರಡು ತಂತಿ ಸೆಲ್ಲಿಗೆ ತಾಗಿಸಿದರೆ ಗೇಟು ಆಡುತ್ತದೆ. ಬೇರೆ ಗುಂಡಿ ಬೆಸೆಯುವುದೂ ಅರ್ಧ ಗಂಟೆಯ ಕೆಲಸ. ಮಾಡಿಲ್ಲ. ಈಗ ಭಾನುವಾರ ಬೆಳಗ್ಗೆ ತಿಂಡಿಯಾದ ಮೇಲೆ ಎದುರುಮನೆಯ ಬಾಗಿಲು ಬಡಿಯುತ್ತೇವೆ. ಅವನು ಲಾರಿಯನ್ನು ಮನೆಯಲ್ಲೇ ಬಿಟ್ಟು, ರಿಮೋಟನ್ನು ಮಾತ್ರ ಹಿಡಿದುಕೊಂಡು ಬರುತ್ತಾನೆ.